ಕಾಲು ಪೇರಲದ ಲೆಕ್ಕ

ಪೇರಲ ಮಾರುವವನ ಚಾಕು ಹಣ್ಣಿನ ಮೇಲೆ ಎರಡೇ ಸಲ ಇಳಿಯುತ್ತದೆ, ಒಮ್ಮೆ ಉದ್ದಕ್ಕೆ, ಇನ್ನೊಮ್ಮೆ ಅಡ್ಡಕ್ಕೆ. ತೊಟ್ಟಿನ ಕಡೆ ಒಂದು ಬೆರಳಷ್ಟು ಕತ್ತರಿಸದೆ ಬಿಟ್ಟಿರುತ್ತಾನೆ. ಹೀಗಾಗಿ ಹಣ್ಣು ಬಿಡಿಬಿಡಿಯಾಗದೆ ನಾಲ್ಕು ಎಸಳಾಗಿ ಬಾಯಿ ಬಿಡುತ್ತದೆ. ಹೆಬ್ಬೆರಳಿಂದ ಒಳಗೆ ಉಪ್ಪು-ಖಾರ ಒತ್ತಿ, ಹಳೆ ಪೇಪರಿನ ಚೂರಿನ ಮೇಲಿಟ್ಟು ಕೈಗೆ ಕೊಟ್ಟರೆ ವ್ಯಾಪಾರ ಮುಗಿಯಿತು. ಬೀದರ್ ಕೋಟೆಯ ಮುಂದೆ, ಭಾಲ್ಕಿಯ ಬಸ್ ನಿಲ್ದಾಣದ ಬಳಿ, ಔರಾದ್‌ನ ಸಂತೆಯಲ್ಲಿ ಚಳಿಗಾಲ ಪೂರ್ತಿ ನಡೆಯುವ ಈ ಕೆಲಸವನ್ನು ಯಾರೂ ನಿಂತು ನೋಡುವುದಿಲ್ಲ. ಹೈದರಾಬಾದಿನವರ ಹಾಗೆ ಇಲ್ಲಿಯೂ ಕೆಲವರು ಇದನ್ನು ಜಾಮ್ ಅಂತಾರೆ. ಬಸ್ಸು ಬರುವುದರೊಳಗೆ ತಿಂದು, ಕೈ ಒರೆಸಿಕೊಂಡು, ಮರೆತುಬಿಡುತ್ತಾರೆ.

ಒಂದು ಹಣ್ಣು ನೂರೈವತ್ತು ಗ್ರಾಂ ತೂಗುತ್ತದೆ ಅಂದುಕೊಳ್ಳಿ. ಹಾಗಾದರೆ ಒಂದು ಎಸಳು ಮೂವತ್ತೇಳೂವರೆ ಗ್ರಾಂ. ಅಮೆರಿಕದ ಕೃಷಿ ಇಲಾಖೆಯ ಆಹಾರ ಪಟ್ಟಿಯಲ್ಲಿ ನೂರು ಗ್ರಾಂ ಪೇರಲಕ್ಕೆ 228 ಮಿಲಿಗ್ರಾಂ ವಿಟಮಿನ್ ಸಿ ಎಂದಿದೆ. ನಮ್ಮ ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ಪಟ್ಟಿ ಇದಕ್ಕಿಂತ ತುಸು ಕೆಳಗೆ, ಆದರೆ ಇನ್ನೂರರ ಮೇಲೆಯೇ ಇದೆ. 228ರ ಲೆಕ್ಕದಲ್ಲಿ ಆ ಒಂದು ಎಸಳಿನಲ್ಲಿ 85 ಮಿಲಿಗ್ರಾಂ. ಅದೇ ಪೋಷಣ ಸಂಸ್ಥೆ 2020ರಲ್ಲಿ ವಯಸ್ಕರಿಗೆ ದಿನಕ್ಕೆ ಇಷ್ಟು ಬೇಕು ಎಂದು ಗೊತ್ತುಮಾಡಿದ್ದು ಗಂಡಸಿಗೆ 80, ಹೆಂಗಸಿಗೆ 65 ಮಿಲಿಗ್ರಾಂ. ಅಂದರೆ ಮೊದಲ ಎಸಳು ಬಾಯಿಗೆ ಹೋಗುತ್ತಿದ್ದಂತೆ ಆ ದಿನದ ಬಾಬತ್ತು ಚುಕ್ತಾ. ಉಳಿದ ಮೂರು ಎಸಳು ಮನೆಯ ಇನ್ನು ಮೂವರ ಪಾಲಿನದು. ಕೆ.ಜಿ.ಗೆ ಅರವತ್ತು ರೂಪಾಯಿ ಅಂತಲೇ ಹಿಡಿಯಿರಿ, ಒಂದು ಎಸಳಿಗೆ ಎರಡೂಕಾಲು ರೂಪಾಯಿ ಬೀಳುತ್ತದೆ.

ಇದೇ 80 ಮಿಲಿಗ್ರಾಂ ಬೇರೆ ಹಣ್ಣಿನಿಂದ ಬರಬೇಕಾದರೆ? ಕಿತ್ತಳೆ ನೂರು ಗ್ರಾಮಿಗೆ 53 ಕೊಡುತ್ತದೆ, ಪಪ್ಪಾಯಿ 61, ಮಾವು 36, ದಾಳಿಂಬೆ 10, ಬಾಳೆ 9ರ ಹತ್ತಿರ. ಸೇಬು? 4.6. ಮುದ್ರಣದೋಷವಲ್ಲ, ನಾಲ್ಕು ದಶಮಾಂಶ ಆರು. ಒಂದು ದಿನದ ವಿಟಮಿನ್ ಸಿ ಬರೀ ಸೇಬಿನಿಂದ ಪಡೆಯಲು ಒಬ್ಬ ಮನುಷ್ಯ ಹತ್ತಿರಹತ್ತಿರ ಒಂದೂಮುಕ್ಕಾಲು ಕೆ.ಜಿ., ಅಂದರೆ 1.74 ಕೆ.ಜಿ. ಸೇಬು ತಿನ್ನಬೇಕು. ಒಂದು ಇಡೀ ಪೇರಲಕ್ಕೆ ಸರಿಗಟ್ಟಲು ಏಳೂವರೆ ಕೆ.ಜಿ. ಸೇಬು ಬೇಕು. ಆದರೂ ಆಸ್ಪತ್ರೆಯಲ್ಲಿ ಮಲಗಿದವರನ್ನು ನೋಡಲು ಹೋಗುವಾಗ ನಮ್ಮ ಕೈಚೀಲದಲ್ಲಿ ಇರುವುದು ಕಾಶ್ಮೀರದಿಂದಲೋ ಹಿಮಾಚಲದಿಂದಲೋ ಸಾವಿರ ಮೈಲಿಗೂ ಹೆಚ್ಚು ಲಾರಿಯಲ್ಲಿ ಕುಳಿತು ಬಂದ ಸೇಬು. ಪೇರಲ ಒಯ್ದರೆ ನೆಂಟರು ಮುಖ ನೋಡುತ್ತಾರೆ: 'ಇವರಿಗೆ ಬೇರೆ ಏನೂ ಸಿಗಲಿಲ್ಲವೇ!'

ಈಚೆಗೆ ಹೈದರಾಬಾದಿನ ದೊಡ್ಡ ಅಂಗಡಿಗಳ ಗಾಜಿನ ಕಪಾಟಿನಲ್ಲಿ ಥಾಯ್ಲೆಂಡಿನ ಲಾಂಗನ್ ಹಣ್ಣು ಪಾಕೀಟಿನಲ್ಲಿ ಕೂತಿರುತ್ತದೆ. ಲಿಚಿಯ ತಮ್ಮ ಅನ್ನಬಹುದು. ಸಸ್ಯಶಾಸ್ತ್ರದ ಪ್ರಕಾರ ನಮ್ಮ ಅಂಟುವಾಳದ ಕುಟುಂಬಕ್ಕೇ ಸೇರಿದ್ದು, ಇದರ ಕಾಡುಮರ ಪಶ್ಚಿಮ ಘಟ್ಟದಲ್ಲೂ ಇದೆ. ಚೀನಾದ ಹಳೆಯ ವೈದ್ಯದಲ್ಲಿ ಒಣಗಿಸಿದ ಲಾಂಗನ್ನನ್ನು ನಿದ್ರೆಗೆ, ರಕ್ತಕ್ಕೆ, ನಿಶ್ಶಕ್ತಿಗೆ ಕೊಡುವ ರೂಢಿ. ಅಂಕಿ ನೋಡಿದರೆ ಒಳ್ಳೆಯ ಹಣ್ಣೇ: ನೂರು ಗ್ರಾಮಿಗೆ 60 ಕ್ಯಾಲೊರಿ, 84 ಮಿಲಿಗ್ರಾಂ ವಿಟಮಿನ್ ಸಿ, ಅಂದರೆ ಕಿತ್ತಳೆಯನ್ನೂ ಮೀರಿಸುತ್ತದೆ. ಆದರೆ ನಾರು 1.1 ಗ್ರಾಂ ಮಾತ್ರ. ಒಣಗಿಸಿದರೆ ನೂರು ಗ್ರಾಮಿಗೆ 286 ಕ್ಯಾಲೊರಿ, 74 ಗ್ರಾಂ ಶರ್ಕರಪಿಷ್ಟ. ಸಿಹಿಮೂತ್ರದವರು ದೂರ ಇರುವುದೇ ಲೇಸು. ನಮ್ಮ ಪೇರಲದಲ್ಲಿ ವಿಟಮಿನ್ ಸಿ ಇದರ ಎರಡೂಮುಕ್ಕಾಲು ಪಟ್ಟು, ನಾರು ಐದು ಪಟ್ಟು, ಪ್ರೊಟೀನು ಎರಡು ಪಟ್ಟು. ಗಾಜಿನ ಕಪಾಟು ಮಾತ್ರ ಇಲ್ಲ.

ಈ ಅಂಕಿಗಳ ನಿಜವಾದ ತೂಕ ತಿಳಿಯಬೇಕಾದರೆ ಸಮುದ್ರಕ್ಕೆ ಹೋಗಬೇಕು. 1498ರ ಮೇ ತಿಂಗಳಲ್ಲಿ ವಾಸ್ಕೋ ಡ ಗಾಮ ಕಲ್ಲಿಕೋಟೆ ಮುಟ್ಟಿದ್ದು ಎಲ್ಲರಿಗೂ ಗೊತ್ತು. ಆಫ್ರಿಕಾದ ಮಲಿಂದಿಯಿಂದ ಹೊರಟ ಹಡಗುಗಳಿಗೆ ಮುಂಗಾರಿನ ಗಾಳಿ ಬೆನ್ನಿಗಿತ್ತು, 23 ದಿನಕ್ಕೆ ಮಲಬಾರಿನ ದಡ ಕಂಡಿತು. ವಾಪಸು ಹೋಗುವ ಕಥೆಯನ್ನು ನಮ್ಮ ಪಾಠಪುಸ್ತಕಗಳು ಹೇಳುವುದಿಲ್ಲ. ಕಾರವಾರದ ಎದುರಿಗಿರುವ ಅಂಜುದೀವ್ ದ್ವೀಪದಲ್ಲಿ ಹಡಗು ತೊಳೆದು, ನೀರು ತುಂಬಿಕೊಂಡು, ಅಕ್ಟೋಬರ್ 5ರಂದು ಅವರು ಹೊರಟರು. ಗಾಳಿ ಎದುರಿಗಿತ್ತು, ಇಲ್ಲವೇ ಗಾಳಿಯೇ ಇರಲಿಲ್ಲ. ಆಫ್ರಿಕಾದ ತೀರ ಕಂಡಿದ್ದು 1499ರ ಜನವರಿ 2ರಂದು. ಮೂರು ತಿಂಗಳಿಗೆ ಮೂರು ದಿನ ಕಡಿಮೆ. ಈ ನಡುವೆ ಅವರ ವಸಡು ಊದಿ ಹಲ್ಲನ್ನೇ ಮುಚ್ಚಿತು, ಕಾಲು ಬಾತವು, ಮೈ ಬಾತು ಮೂವತ್ತು ಜನ ಸತ್ತರು. ಅದಕ್ಕೂ ಮುಂಚೆ ಅಷ್ಟೇ ಜನ ಸತ್ತಿದ್ದರು. ಒಂದೊಂದು ಹಡಗಿಗೆ ಕೆಲಸ ಮಾಡಬಲ್ಲವರು ಏಳೆಂಟು ಮಂದಿ ಉಳಿದರು.

ಅದು ಸ್ಕರ್ವಿ, ವಿಟಮಿನ್ ಸಿ ಇಲ್ಲದೆ ಬರುವ ರೋಗ. ಇದು ಬಾರದಂತೆ ತಡೆಯಲು ಮನುಷ್ಯನಿಗೆ ದಿನಕ್ಕೆ ಎಷ್ಟು ಬೇಕು? ಎರಡನೇ ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಸ್ವಯಂಸೇವಕರ ಮೇಲೆ ಪರೀಕ್ಷೆ ಮಾಡಿ ನೋಡಿದರು: ಹತ್ತು ಮಿಲಿಗ್ರಾಂ ಸಾಕು. ಹತ್ತು ಮಿಲಿಗ್ರಾಂ ಅಂದರೆ ನಾಲ್ಕೂವರೆ ಗ್ರಾಂ ಪೇರಲ, ಒಂದು ಸಲ ಹಲ್ಲೂರಿದರೆ ಬಾಯಿಗೆ ಬರುವುದಕ್ಕಿಂತಲೂ ಕಡಿಮೆ. ಈಗ ಲೆಕ್ಕ ಹಾಕಿ. ಎಲ್ಲ ಹಡಗು ಸೇರಿ ನೂರಿಪ್ಪತ್ತು ಜನ ಎಂದು ಹಿಡಿಯಿರಿ, ತೊಂಬತ್ತು ದಿನ, ತಲೆಗೆ ಹತ್ತು ಮಿಲಿಗ್ರಾಂ. ಒಟ್ಟು 108 ಗ್ರಾಂ ವಿಟಮಿನ್ ಸಿ. ಪೇರಲದ ಲೆಕ್ಕದಲ್ಲಿ 47 ಕೆ.ಜಿ. ಒಬ್ಬ ಹೆಣ್ಣುಮಗಳು ರಸ್ತೆ ಬದಿಯಲ್ಲಿ ಎರಡು ಬುಟ್ಟಿ ಇಟ್ಟುಕೊಂಡು ಸಂಜೆಯೊಳಗೆ ಮಾರಿ ಏಳುವಷ್ಟು ಮಾಲು. ಅಷ್ಟಿಲ್ಲದೆ ಮೂವತ್ತು ಜನ ಹೋದರು. ಪೇರಲ ಮೂರು ತಿಂಗಳು ಹಡಗಿನಲ್ಲಿ ಕೆಡದೆ ಉಳಿಯುವುದಿಲ್ಲ, ನಿಜ. ಮೂರ್ನಾಲ್ಕು ದಿನಕ್ಕೇ ಮೆತ್ತಗಾಗುವ ಹಣ್ಣು ಅದು. ನಾನು ಹೇಳುತ್ತಿರುವುದು ಸಾವಿಗೂ ಬದುಕಿಗೂ ನಡುವೆ ಇದ್ದ ಅಂತರದ ಅಳತೆ ಮಾತ್ರ.

1500ರಿಂದ 1800ರವರೆಗೆ ಈ ರೋಗಕ್ಕೆ ಬಲಿಯಾದ ನಾವಿಕರು ಇಪ್ಪತ್ತು ಲಕ್ಷ ಎಂದು ಅಂದಾಜು. ಜೇಮ್ಸ್ ಲಿಂಡ್ ಎಂಬ ಹಡಗಿನ ವೈದ್ಯ 1747ರಲ್ಲೇ ಹನ್ನೆರಡು ರೋಗಿಗಳನ್ನು ಇಬ್ಬಿಬ್ಬರಂತೆ ಆರು ಜೋಡಿ ಮಾಡಿ, ಒಂದೊಂದು ಜೋಡಿಗೆ ಒಂದೊಂದು ಮದ್ದು ಕೊಟ್ಟು ನೋಡಿದ. ಕಿತ್ತಳೆ-ನಿಂಬೆ ತಿಂದ ಜೋಡಿ ಆರೇ ದಿನಕ್ಕೆ ಎದ್ದು ಕೂತಿತು. ಬ್ರಿಟಿಷ್ ನೌಕಾಪಡೆ ನಿಂಬೆರಸವನ್ನು ಕಡ್ಡಾಯವಾಗಿ ಹಂಚಲು ಶುರುಮಾಡಿದ್ದು 1795ರಲ್ಲಿ. ಸರಕಾರಿ ಕಡತ ಎಂದರೆ ಎಲ್ಲ ದೇಶದಲ್ಲೂ ಒಂದೇ ವೇಗ, ನಲವತ್ತೆಂಟು ವರ್ಷ.

ಇಲ್ಲಿ ಒಂದು ವಿಚಿತ್ರ ಇದೆ. ಗಾಮನ ಜನ ಅಂಜುದೀವ್ ಬಿಟ್ಟು ಹೊರಟಾಗ ಇಡೀ ಹಿಂದೂಸ್ತಾನದಲ್ಲಿ ಒಂದೇ ಒಂದು ಪೇರಲ ಗಿಡ ಇರಲಿಲ್ಲ. ಅದು ಅಮೆರಿಕ ಖಂಡದ ಗಿಡ. ನಮ್ಮಲ್ಲಿಗೆ ಆಮೇಲೆ, ಅದೇ ಪೋರ್ಚುಗೀಸರ ಹಡಗು ಹತ್ತಿ ಬಂತು ಎಂಬುದು ಸಾಮಾನ್ಯವಾಗಿ ಒಪ್ಪಿದ ಮಾತು. ಮೆಣಸಿನಕಾಯಿಯೂ ಹಾಗೆಯೇ. ಬಹಮನಿ ವಜೀರ ಮಹಮೂದ್ ಗಾವಾನ್ 1472ರಲ್ಲಿ ಬೀದರಿನಲ್ಲಿ ಮದರಸಾ ಕಟ್ಟಿಸಿದಾಗ, ಅದೇ ಹೊತ್ತಿಗೆ ರಷ್ಯದ ವ್ಯಾಪಾರಿ ಅಫನಾಸಿ ನಿಕಿತಿನ್ ಕುದುರೆ ಮಾರಲು ಇದೇ ಊರಿನ ಬೀದಿಯಲ್ಲಿ ಓಡಾಡಿದಾಗ, ಬಹಮನಿ ಸುಲ್ತಾನನ ದಸ್ತರಖಾನೆಯ ಮೇಲೆ ಇರಾನಿನ ಒಣಹಣ್ಣು ಇದ್ದಿರಬಹುದು, ಪೇರಲವೂ ಇರಲಿಲ್ಲ, ಖಾರದ ಪುಡಿಯೂ ಇರಲಿಲ್ಲ. ಇಂದು ಕೋಟೆಯ ಎದುರು ಪೇಪರಿನ ಚೂರಿನಲ್ಲಿ ಸಿಗುವ ಈ ತಿನಿಸಿನಲ್ಲಿ ಅಟ್ಲಾಂಟಿಕ್ ದಾಟಿ ಬರದೆ ಇದ್ದದ್ದು ಉಪ್ಪು ಒಂದೇ. ಇನ್ನೊಂದು ಮಾತು: ಹಂಗೇರಿಯ ಸೆಗೆಡ್ ಊರಿನಲ್ಲಿ ವಿಜ್ಞಾನಿ ಆಲ್ಬರ್ಟ್ ಸೆಂಟ್-ಜ್ಯೋರ್ಜಿ ಮೊದಲ ಬಾರಿಗೆ ಕಿಲೋಗಟ್ಟಲೆ ವಿಟಮಿನ್ ಸಿ ಬೇರ್ಪಡಿಸಿದ್ದು ಪ್ಯಾಪ್ರಿಕಾದಿಂದ, ಅಂದರೆ ನಮ್ಮ ಮೆಣಸಿನಕಾಯಿಯ ಸೋದರನಿಂದ. 1937ರಲ್ಲಿ ಅವರಿಗೆ ನೊಬೆಲ್ ಬಂತು. ಒಣಗಿಸಿ ಕುಟ್ಟಿದ ಖಾರದಲ್ಲಿ ಅದರ ಬಹುಪಾಲು ಹೋಗಿರುತ್ತದೆ. ಹೀಗಾಗಿ ಎಸಳಿಗೆ ಖಾರ ಎಷ್ಟು ಬಳಿದರೂ ವಿಟಮಿನ್ ಹೆಚ್ಚುವುದಿಲ್ಲ, ಬಾಯಿ ಮಾತ್ರ ಉರಿಯುತ್ತದೆ.

ಮನುಷ್ಯನಿಗೇಕೆ ಈ ಪರದಾಟ? ಔರಾದ್ ತಾಲ್ಲೂಕಿನ ಯಾವುದಾದರೂ ತೋಟದ ಬೇಲಿಯ ಹತ್ತಿರ ಸ್ವಲ್ಪ ಹೊತ್ತು ನಿಂತರೆ ಉತ್ತರ ಕಾಣುತ್ತದೆ. ಒಂದು ಉಸ್ಮಾನಾಬಾದಿ ಆಡು, ಎಣ್ಣೆ ಹಚ್ಚಿದ ಹಾಗೆ ಕಪ್ಪಗೆ ಮಿನುಗುವುದು, ಮುಂಗಾಲೆರಡನ್ನೂ ಬೇಲಿಯ ಕಲ್ಲಿನ ಮೇಲೆ ಊರಿ, ಕತ್ತು ಚಾಚಿ, ಪೇರಲದ ಎಲೆಗೆ ಬಾಯಿ ಹಾಕುತ್ತಿರುತ್ತದೆ. ಮೇಲೆ ತೂಗುವ ಹಣ್ಣಿಗೆ ಅದು ಬಾಯಿ ಹಾಕಲೇಬೇಕೆಂದಿಲ್ಲ. ಅದಕ್ಕೆ ಬೇಕಾದ ವಿಟಮಿನ್ ಸಿಯನ್ನು ಅದರ ಪಿತ್ತಜನಕಾಂಗವೇ ಸಕ್ಕರೆಯಿಂದ ತಯಾರಿಸುತ್ತದೆ. ಕೋಲ್ಕತ್ತಾದ ವಿಜ್ಞಾನಿ ಐ.ಬಿ. ಚಟರ್ಜಿ 1973ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ ಆಡು ತನ್ನ ಮೈತೂಕದ ಪ್ರತಿ ಕಿಲೋಗೆ ದಿನಕ್ಕೆ 33ರಿಂದ 190 ಮಿಲಿಗ್ರಾಂ ತಯಾರಿಸಬಲ್ಲದು. ಮೂವತ್ತು ಕಿಲೋದ ಆಡು ಎಂದರೆ ಒಂದು ಗ್ರಾಮಿನಿಂದ ಐದೂಮುಕ್ಕಾಲು ಗ್ರಾಮಿನವರೆಗೆ. ಪೇರಲದ ಮಾತಿನಲ್ಲಿ ಹೇಳುವುದಾದರೆ ಅರ್ಧ ಕೆ.ಜಿ.ಯಿಂದ ಎರಡೂವರೆ ಕೆ.ಜಿ. ಹಣ್ಣು, ದಿನಾ, ಪುಕ್ಕಟೆ. ಹಸುವಿನದು ಕಿಲೋಗೆ 16ರಿಂದ 18 ಮಿಲಿಗ್ರಾಂ. ಬೀದರ್ ಸೀಮೆಯ ನಾನೂರು ಕಿಲೋದ ಒಂದು ದೇವಣಿ ಹಸು ಕೊಟ್ಟಿಗೆಯಲ್ಲಿ ಮೆಲುಕು ಹಾಕುತ್ತಾ ಸುಮಾರು ಏಳು ಗ್ರಾಂ, ಮೂರು ಕೆ.ಜಿ. ಪೇರಲದಷ್ಟು, ತಯಾರಿಸಿಕೊಂಡಿರುತ್ತದೆ. ಅದರ ಹಾಲು ಕರೆಯುವ ಮನೆಯಾಕೆಗೆ ಆ ಶಕ್ತಿ ಸೊನ್ನೆ. ನಮ್ಮ ಪೂರ್ವಜರಾದ ವಾನರಗಳಲ್ಲಿ ಸುಮಾರು ಆರು ಕೋಟಿ ವರ್ಷದ ಹಿಂದೆ ಆ ಕೆಲಸದ ವಂಶವಾಹಿ ಕೆಟ್ಟಿತು. ಕೆಟ್ಟ ಚೂರು ಇಂದಿಗೂ ನಮ್ಮ ಒಂದೊಂದು ಜೀವಕೋಶದಲ್ಲೂ ಉಳಿದಿದೆ, ಕೆಲಸ ಮಾತ್ರ ಮಾಡುವುದಿಲ್ಲ. ಹಣ್ಣು ತಿಂದು ಬದುಕುವ ಪ್ರಾಣಿಗೆ ಆಗ ಅದರ ಕೊರತೆ ಕಾಣಲಿಲ್ಲ. ಹಣ್ಣು ಬಿಟ್ಟು ರೊಟ್ಟಿ ಹಿಡಿದ ಮೇಲೆ, ಹಡಗು ಹತ್ತಿದ ಮೇಲೆ ಕಂಡಿತು.

ಒಬ್ಬ ಆರೋಗ್ಯವಂತನ ಮೈಯಲ್ಲಿರುವ ಒಟ್ಟು ವಿಟಮಿನ್ ಸಿ ಎಷ್ಟು ಗೊತ್ತೇ? ಒಂದೂವರೆ ಗ್ರಾಂ. ರಕ್ತನಾಳದ ಗೋಡೆ, ವಸಡು, ಚರ್ಮ, ಎಲುಬಿನ ಕೀಲು ಎಲ್ಲವನ್ನೂ ಹಿಡಿದಿಟ್ಟಿರುವ ಕೊಲಾಜನ್ ಎಂಬ ಪ್ರೊಟೀನು ಗಟ್ಟಿಯಾಗಿ ಹೆಣೆದುಕೊಳ್ಳುವುದು ಈ ಒಂದೂವರೆ ಗ್ರಾಮಿನ ಬಲದಿಂದ. ಮೈಯ ಪ್ರೊಟೀನಿನಲ್ಲಿ ಸುಮಾರು ಮೂರರಲ್ಲೊಂದು ಪಾಲು ಕೊಲಾಜನ್ನೇ. ದಿನಾ ನೂರಕ್ಕೆ ಮೂರರಷ್ಟು ದಾಸ್ತಾನು ಖರ್ಚಾಗುತ್ತದೆ, ತುಂಬದಿದ್ದರೆ ಕೆಲವೇ ತಿಂಗಳಲ್ಲಿ ತಳ ಕಾಣುತ್ತದೆ. ಪೂರಾ ದಾಸ್ತಾನು ಅಂದರೆ ನಾಲ್ಕೂವರೆ ಪೇರಲ!

ಇನ್ನು ನಮ್ಮ ತಟ್ಟೆಗೆ ಬರೋಣ. ಬೀದರ್ ಸೀಮೆಯ ಊಟ ಜೋಳದ ರೊಟ್ಟಿ, ತೊಗರಿಬೇಳೆ, ಪುಂಡಿಪಲ್ಯ. ಕಬ್ಬಿಣದ ಅಂಶ ಈ ಊಟದಲ್ಲಿ ಕಡಿಮೆಯಿಲ್ಲ. ನೂರು ಗ್ರಾಂ ಜೋಳದಲ್ಲೇ ನಾಲ್ಕು ಮಿಲಿಗ್ರಾಂ ಆಸುಪಾಸು ಇದೆ. ತೊಂದರೆ ಎಂದರೆ ಕಾಳು-ಬೇಳೆಯ ಕಬ್ಬಿಣ ಮೈಗೆ ಅಷ್ಟಾಗಿ ದಕ್ಕುವುದಿಲ್ಲ. ಕಾಳಿನಲ್ಲಿರುವ ಫೈಟೇಟ್ ಎಂಬ ಅಂಶ ಅದನ್ನು ಹಿಡಿದುಕೊಂಡಿರುತ್ತದೆ. ಹೆಂಗಸಿಗೆ ದಿನಕ್ಕೆ 29 ಮಿಲಿಗ್ರಾಂ ಕಬ್ಬಿಣ ಬೇಕು ಎಂದು ಪೋಷಣ ಸಂಸ್ಥೆ ಹೇಳುವುದು, ತಿಂದ ನೂರರಲ್ಲಿ ಎಂಟು ಪಾಲು ಮಾತ್ರ ಒಳಗೆ ಹೋಗುತ್ತದೆ ಎಂಬ ಎಣಿಕೆಯ ಮೇಲೆ. ಮೈಗೆ ನಿಜವಾಗಿ ಬೇಕಾದದ್ದು ಎರಡು ಚಿಲ್ಲರೆ ಮಿಲಿಗ್ರಾಂ. ಉಳಿದ ತೊಂಬತ್ತೆರಡು ಪಾಲು ಬಂದ ದಾರಿ ಹಿಡಿದು ಹೊರಗೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 48, ಐದರೊಳಗಿನ ಮಕ್ಕಳಲ್ಲಿ ನೂರಕ್ಕೆ 65 ಮಂದಿಗೆ ರಕ್ತಹೀನತೆ.

ಹೈದರಾಬಾದಿನ ಅದೇ ಪೋಷಣ ಸಂಸ್ಥೆಯ ವಿಜ್ಞಾನಿಗಳು ಹದಿಹರೆಯದ ಹುಡುಗ-ಹುಡುಗಿಯರಿಗೆ ಅನ್ನದ ಊಟದ ಜೊತೆ ನೂರು ಗ್ರಾಂ ಪೇರಲ ಕೊಟ್ಟು ಅಳೆದರು. 2013ರಲ್ಲಿ ಪ್ರಕಟವಾದ ಅವರ ವರದಿಯಂತೆ ಕಬ್ಬಿಣದ ಹೀರಿಕೆ ಎರಡರಷ್ಟಾಯಿತು. ಸತುವಿನ ಹೀರಿಕೆಯಲ್ಲಿ ಮಾತ್ರ ಬದಲಾವಣೆ ಕಾಣಲಿಲ್ಲ. ಮಾತ್ರೆಯಿಲ್ಲ, ಟಾನಿಕ್ಕಿಲ್ಲ, ತಟ್ಟೆಯ ಪಕ್ಕ ಒಂದು ಹಣ್ಣು ಅಷ್ಟೆ. ಊಟದ ಜೊತೆಯೇ ತಿನ್ನಬೇಕು ಎಂಬುದು ಇಲ್ಲಿನ ಗುಟ್ಟು. ಮಧ್ಯಾಹ್ನದ ರೊಟ್ಟಿಯ ಕಬ್ಬಿಣವನ್ನು ಸಂಜೆಯ ಪೇರಲ ಹಿಡಿಯಲಾರದು. ನಾವು ಮಾಡುವುದೇನು? ಊಟ ಮುಗಿಯುತ್ತಿದ್ದಂತೆ ಒಂದು ಕಪ್ ಚಹಾ. ಊಟದ ಜೊತೆ ಕುಡಿದ ಚಹಾ ಈ ಕಬ್ಬಿಣದ ಹೀರಿಕೆಯನ್ನು ಅರ್ಧಕ್ಕಿಂತ ಕೆಳಗೆ ಇಳಿಸುತ್ತದೆ. ಪೇರಲ ಎರಡು ಪಟ್ಟು ಮಾಡುತ್ತದೆ, ಚಹಾ ಅರ್ಧ ಮಾಡುತ್ತದೆ: ಒಂದೇ ರೊಟ್ಟಿಗೆ ನಾಲ್ಕು ಪಟ್ಟಿನ ಅಂತರ. ಚಹಾ ಬಿಡಿ ಎಂದು ಬೀದರಿನಲ್ಲಿ ಹೇಳಿ ಉಳಿಯುವುದು ಕಷ್ಟ. ಒಂದು ತಾಸು ತಡೆದು ಕುಡಿಯಿರಿ.

'ಪೇರಲ ತಿಂದರೆ ಥಂಡಿ ಆಗ್ತದ, ನೆಗಡಿ ಬರ್ತದ' ಎಂದು ಚಳಿಗಾಲದಲ್ಲಿ ಮಕ್ಕಳ ಕೈಯಿಂದ ಹಣ್ಣು ಕಸಿಯುವ ಅಜ್ಜಿಯರು ಎಲ್ಲ ಓಣಿಯಲ್ಲೂ ಇದ್ದಾರೆ. ಪೇರಲ ಹಣ್ಣಾಗುವ ಕಾಲವೂ ನೆಗಡಿಯ ಕಾಲವೂ ಒಂದೇ ಆದದ್ದು ಹಣ್ಣಿನ ತಪ್ಪಲ್ಲ. ನೆಗಡಿ ವೈರಸ್ಸಿನದು. ಹಾಗೆಂದು ವಿಟಮಿನ್ ಸಿ ನೆಗಡಿಯನ್ನು ಓಡಿಸುತ್ತದೆ ಎನ್ನುವ ಮಾತ್ರೆ ಕಂಪನಿಗಳ ಮಾತನ್ನೂ ನಂಬಬೇಕಿಲ್ಲ. ಹನ್ನೊಂದು ಸಾವಿರಕ್ಕೂ ಹೆಚ್ಚು ಜನರ ಮೇಲೆ ನಡೆದ ಪರೀಕ್ಷೆಗಳನ್ನೆಲ್ಲ ಕೂಡಿಸಿ ನೋಡಿದ ಕಾಕ್ರೇನ್ ವಿಮರ್ಶೆಯ ಫಲಿತಾಂಶ ಇದು: ದಿನಾ ವಿಟಮಿನ್ ಸಿ ಮಾತ್ರೆ ನುಂಗಿದ ಸಾಮಾನ್ಯ ಜನರಲ್ಲಿ ನೆಗಡಿ ಬರುವುದು ಕಡಿಮೆಯಾಗಲಿಲ್ಲ, ಬಂದ ನೆಗಡಿಯ ಅವಧಿ ದೊಡ್ಡವರಲ್ಲಿ ನೂರಕ್ಕೆ ಎಂಟರಷ್ಟು, ಮಕ್ಕಳಲ್ಲಿ ಹದಿನಾಲ್ಕರಷ್ಟು ಇಳಿಯಿತು. ಏಳು ದಿನದ ನೆಗಡಿ ಹದಿಮೂರು ತಾಸು ಮೊದಲು ಹೋಗುತ್ತದೆ, ಅಷ್ಟೆ.

ಹೆಚ್ಚು ತಿಂದಷ್ಟೂ ಒಳ್ಳೆಯದು ಅನ್ನುವ ಹುಚ್ಚಿಗೆ ದೊಡ್ಡವರೂ ಬಿದ್ದಿದ್ದಾರೆ. ಎರಡು ನೊಬೆಲ್‌ಗಳನ್ನು ಯಾರ ಜೊತೆಗೂ ಹಂಚಿಕೊಳ್ಳದೆ ಪಡೆದ ಲೀನಸ್ ಪೌಲಿಂಗ್ ಕೊನೆಗಾಲದಲ್ಲಿ ದಿನಕ್ಕೆ 18 ಗ್ರಾಂ ವಿಟಮಿನ್ ಸಿ ತೆಗೆದುಕೊಳ್ಳುತ್ತಿದ್ದರು. ಹಣ್ಣಿನಿಂದಲೇ ಆಗಬೇಕೆಂದಿದ್ದರೆ ದಿನಾ ಎಂಟು ಕೆ.ಜಿ. ಪೇರಲ. ಮೈಗೆ ಅದು ಬೇಡ. ಇನ್ನೂರು ಮಿಲಿಗ್ರಾಂ ದಾಟಿದ ಮೇಲೆ ರಕ್ತದ ಮಟ್ಟ ಹೆಚ್ಚೇನೂ ಏರುವುದಿಲ್ಲ, ಒಂದು ಗ್ರಾಂ ನುಂಗಿದರೆ ಅರ್ಧಕ್ಕಿಂತ ಕಡಿಮೆ ಒಳಸೇರುತ್ತದೆ. ಸ್ವೀಡನ್ನಿನಲ್ಲಿ 23 ಸಾವಿರಕ್ಕೂ ಹೆಚ್ಚು ಗಂಡಸರನ್ನು ಗಮನಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವಿಟಮಿನ್ ಸಿ ಮಾತ್ರೆ ನುಂಗುವವರಲ್ಲಿ ಮೂತ್ರಪಿಂಡದ ಕಲ್ಲು ಸುಮಾರು ಎರಡರಷ್ಟು ಕಂಡುಬಂತು. ಮಾತ್ರೆಗೂ ಹಣ್ಣಿಗೂ ಇರುವ ವ್ಯತ್ಯಾಸ ಇಲ್ಲೇ. ಹಣ್ಣನ್ನು ಅತಿಯಾಗಿ ತಿನ್ನಲು ಹೊಟ್ಟೆ ಬಿಡುವುದಿಲ್ಲ.

ಬಿಡದಿರಲು ಕಾರಣ ನಾರು. ನೂರು ಗ್ರಾಂ ಪೇರಲದಲ್ಲಿ 5.4 ಗ್ರಾಂ ನಾರಿದೆ, ಸೇಬಿನ ಎರಡು ಪಟ್ಟಿಗಿಂತ ಜಾಸ್ತಿ. ಇನ್ನೂರು ಗ್ರಾಮಿನ ಒಂದು ದೊಡ್ಡ ಹಣ್ಣು ದಿನದ ಅಗತ್ಯದ ಮೂರನೇ ಒಂದು ಪಾಲು ತುಂಬುತ್ತದೆ. ಸಕ್ಕರೆ 9 ಗ್ರಾಂ ಮಾತ್ರ, ಹಾಗಾಗಿ ಸಕ್ಕರೆ ಕಾಯಿಲೆಯವರ ತಟ್ಟೆಯಲ್ಲೂ ಒಂದೆರಡು ಎಸಳಿಗೆ ಜಾಗ ಇದೆ. ಪ್ರೊಟೀನು 2.5 ಗ್ರಾಂ, ಸೇಬಿನದು ಕಾಲು ಗ್ರಾಂ, ಅಂದರೆ ಹತ್ತರಲ್ಲೊಂದು. ಒಳಗೆ ಕೆಂಪಗಿರುವ ಪೇರಲದಲ್ಲಿ ಟೊಮೆಟೊಗೆ ಬಣ್ಣ ಕೊಡುವ ಲೈಕೊಪಿನ್ ಟೊಮೆಟೊಗಿಂತ ಎರಡು ಪಟ್ಟು. ಬೆಂಗಳೂರಿನ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರು ಇದಕ್ಕಾಗಿಯೇ 'ಅರ್ಕಾ ಕಿರಣ್' ಎಂಬ ಕೆಂಪು ತಳಿ ಮಾಡಿದ್ದಾರೆ. ಮೂತ್ರಪಿಂಡ ಸೋತವರು, ಡಯಾಲಿಸಿಸ್ ಮೇಲಿರುವವರು ಮಾತ್ರ ವೈದ್ಯರನ್ನು ಕೇಳದೆ ಮುಟ್ಟಬಾರದು. ಪೊಟ್ಯಾಸಿಯಂ ನೂರು ಗ್ರಾಮಿಗೆ 417 ಮಿಲಿಗ್ರಾಂ, ಬಾಳೆಹಣ್ಣಿಗಿಂತಲೂ ಹೆಚ್ಚು. ಸಿಪ್ಪೆ ಹೆರೆಯುವವರಿಗೆ ಒಂದು ಮಾತು: ವಿಟಮಿನ್ ಸಿ ಅತಿ ಹೆಚ್ಚು ಇರುವುದು ಸಿಪ್ಪೆಯಲ್ಲಿ ಮತ್ತು ಅದಕ್ಕೆ ಅಂಟಿದ ತಿರುಳಿನಲ್ಲಿ. ಬೀಜದ ಕಡೆ ಹೋದಂತೆಲ್ಲ ಕಡಿಮೆಯಾಗುತ್ತದೆ.

ಬೀದರಿನ ಕಲ್ಲುಗುಡ್ಡಗಳ ಸೀತಾಫಲದ ಬಗ್ಗೆ ಒಂದು ಮಾತು ಹೇಳದಿದ್ದರೆ ಊರವರು ಸಿಟ್ಟಾಗುತ್ತಾರೆ. ರುಚಿಯಲ್ಲಿ ಪೇರಲ ಅದರ ಹತ್ತಿರ ಬರುವುದಿಲ್ಲ, ಒಪ್ಪಿದೆ. ಆದರೆ ಅದರಲ್ಲಿ ವಿಟಮಿನ್ ಸಿ 36 ಮಿಲಿಗ್ರಾಂ, ಶರ್ಕರಪಿಷ್ಟ 24 ಗ್ರಾಮಿನ ಹತ್ತಿರ. ಹೊಲದಲ್ಲಿ ದುಡಿಯುವವರಿಗೆ, ಬೆಳೆಯುವ ಮಕ್ಕಳಿಗೆ ಶಕ್ತಿಯ ಹಣ್ಣು. ಕುಳಿತು ಬರೆಯುವ ನನ್ನಂಥವರಿಗೆ ಒಂದು ಸಾಕು. ಬೀಜ ಮಾತ್ರ ಕಣ್ಣಿನ ಹತ್ತಿರ ಸುಳಿಯಬಾರದು. ಹೇನಿಗೆಂದು ಅದರ ಪುಡಿ ತಲೆಗೆ ಹಚ್ಚಿ ಕಣ್ಣು ಕೆಡಿಸಿಕೊಂಡವರಿದ್ದಾರೆ.

ಇನ್ನು ಊರಿನ ಲೆಕ್ಕ. 2011ರ ಜನಗಣತಿಯಂತೆ ಬೀದರ್ ಜಿಲ್ಲೆಯ ಜನಸಂಖ್ಯೆ 17,03,300. ಗಂಡಸು, ಹೆಂಗಸು, ಕೂಸು ಎಲ್ಲರಿಗೂ ಸರಾಸರಿ 70 ಮಿಲಿಗ್ರಾಂ ಎಂದು ಧಾರಾಳವಾಗಿಯೇ ಹಿಡಿಯೋಣ. ಇಡೀ ಜಿಲ್ಲೆಗೆ ದಿನವೊಂದಕ್ಕೆ ಬೇಕಾದ ಶುದ್ಧ ವಿಟಮಿನ್ ಸಿ 119 ಕೆ.ಜಿ., ಸಿಮೆಂಟಿನ ಎರಡೂವರೆ ಚೀಲದಷ್ಟು ತೂಕ. ಅದನ್ನು ಪೇರಲವಾಗಿ ಬದಲಿಸಿದರೆ 52 ಟನ್. ಅದರಲ್ಲಿ ಔರಾದ್ ಪಟ್ಟಣದ ಇಪ್ಪತ್ತು ಸಾವಿರ ಜನರ ಪಾಲು ಆರುನೂರು ಕೆ.ಜಿ. ಚಿಲ್ಲರೆ, ಒಂದು ಟಾಟಾ ಏಸ್ ಗಾಡಿಯಲ್ಲಿ ಹಿಡಿಸುತ್ತದೆ. ಭಾಲ್ಕಿಯ ನಲವತ್ತು ಸಾವಿರಕ್ಕೆ ಅಂಥ ಎರಡು ಗಾಡಿ. ಬೀದರ್ ನಗರದ ಎರಡು ಲಕ್ಷ ಹದಿನಾರು ಸಾವಿರಕ್ಕೆ ಒಂಬತ್ತು.

ವರ್ಷಕ್ಕೆ ಗುಣಿಸಿದರೆ ಜಿಲ್ಲೆಗೆ 19 ಸಾವಿರ ಟನ್. ಚೆನ್ನಾಗಿ ನೋಡಿಕೊಂಡ ತೋಟ ಹೆಕ್ಟೇರಿಗೆ 20 ಟನ್ ಕೊಡುತ್ತದೆ ಎಂದಿಟ್ಟುಕೊಳ್ಳಿ, 950 ಹೆಕ್ಟೇರ್ ಸಾಕು. ಜಿಲ್ಲೆಯ ವಿಸ್ತೀರ್ಣ 5,448 ಚದರ ಕಿಲೋಮೀಟರ್. ಅದರಲ್ಲಿ ಒಂಬತ್ತೂವರೆ ಚದರ ಕಿಲೋಮೀಟರ್, ಐನೂರ ಎಪ್ಪತ್ತರಲ್ಲಿ ಒಂದು ಪಾಲು ನೆಲ, ಹದಿನೇಳು ಲಕ್ಷ ಜನರ ಪೂರ್ತಿ ವಿಟಮಿನ್ ಸಿ ಹೊರಬಲ್ಲದು. ದೇಶದ ಲೆಕ್ಕ ಇನ್ನೂ ಬೆರಗಿನದು. ಭಾರತ ವರ್ಷಕ್ಕೆ 40 ಲಕ್ಷ ಟನ್ನಿಗೂ ಮಿಗಿಲಾಗಿ ಪೇರಲ ಬೆಳೆಯುತ್ತದೆ. ಅದರೊಳಗಿನ ವಿಟಮಿನ್ ಸಿ ಒಂಬತ್ತು ಸಾವಿರ ಟನ್. ಸ್ಕರ್ವಿ ತಡೆಯುವ ಹತ್ತು ಮಿಲಿಗ್ರಾಮಿನ ಲೆಕ್ಕದಲ್ಲಿ 140 ಕೋಟಿ ಜನರಿಗೆ ವರ್ಷಪೂರ್ತಿ ಬೇಕಾದದ್ದು ಐದು ಸಾವಿರದ ನೂರು ಟನ್. ಬೇರೆ ಹಣ್ಣು-ತರಕಾರಿ ಒಂದೂ ಇಲ್ಲದಿದ್ದರೂ, ನಮ್ಮ ಪೇರಲ ತೋಟಗಳು ಇಡೀ ದೇಶವನ್ನು ಆ ರೋಗದಿಂದ ಕಾಯುವಷ್ಟು ಕಾಯುತ್ತವೆ, ಮೇಲೆ ಇನ್ನೂ ಉಳಿಯುತ್ತದೆ. ದಾರಿಯಲ್ಲಿ ಮೆತ್ತಗಾಗಿ, ಕೊಳೆತು, ಗಂಜ್ ಮಾರುಕಟ್ಟೆಯ ಮೂಲೆಯಲ್ಲಿ ದನ ತಿನ್ನುವಷ್ಟನ್ನು ಇದರಲ್ಲಿ ಕಳೆಯಬೇಕು. ದನಕ್ಕೆ ಅದು ಬೇಕಾಗಿಯೇ ಇಲ್ಲ ಎಂಬುದನ್ನು ಆಗಲೇ ನೋಡಿದೆವು.

2021ರ ಡಿಸೆಂಬರಿನಲ್ಲಿ ಬೀದರ್ ಸೇರಿದಂತೆ ಕಲ್ಯಾಣ ಕರ್ನಾಟಕದ ಶಾಲೆಗಳಲ್ಲಿ ಬಿಸಿಯೂಟದ ಜೊತೆ ಮೊಟ್ಟೆ ಕೊಡಲು ಶುರುವಾಯಿತು, ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣು. ಒಳ್ಳೆಯ ಕೆಲಸ. ಆದರೆ ಮೊಟ್ಟೆಯಲ್ಲಿ ವಿಟಮಿನ್ ಸಿ ಇಲ್ಲವೇ ಇಲ್ಲ, ಬಾಳೆಹಣ್ಣಿನಲ್ಲಿ ಹೆಸರಿಗಷ್ಟೆ. ಮೃಗಶಿರ ಮಳೆಗೆ ಬಿಟ್ಟ ಪೇರಲದ ಹೂವು ನಮ್ಮಲ್ಲಿ ನವೆಂಬರಿನಿಂದ ಜನವರಿಯೊಳಗೆ ಹಣ್ಣಾಗುತ್ತದೆ. ಚಳಿಗಾಲದ ಆ ಹಣ್ಣು ಮಳೆಗಾಲದ್ದಕ್ಕಿಂತ ರುಚಿ, ವಿಟಮಿನ್ನೂ ಹೆಚ್ಚು. ಶಾಲೆ ನಡೆಯುವ ತಿಂಗಳೂ ಅದೇ, ಬಿಸಿಯೂಟದ ಬೇಳೆ-ಅನ್ನದಲ್ಲಿ ದಕ್ಕದೆ ಹೋಗುವ ಕಬ್ಬಿಣವೂ ಅದೇ ತಟ್ಟೆಯಲ್ಲಿರುತ್ತದೆ. ಜಿಲ್ಲೆಯ ಅಧಿಕಾರಿಗಳಿಗೆ, ಶಾಲಾಭಿವೃದ್ಧಿ ಸಮಿತಿಯವರಿಗೆ, ತೋಟ ಇರುವ ರೈತರಿಗೆ ಕೇಳಿಕೊಳ್ಳುವುದು ಇಷ್ಟೆ: ಆ ಮೂರು ತಿಂಗಳು ತಟ್ಟೆಯ ಅಂಚಿಗೆ ಐವತ್ತು ಗ್ರಾಮಿನ ಒಂದು ಹೋಳು, ಸಿಪ್ಪೆ ಸಮೇತ, ಇಟ್ಟು ನೋಡಿ. ಒಂದು ಲಕ್ಷ ಮಕ್ಕಳಿಗೆ ಐವತ್ತು ದಿನ ಕೊಡಲು 250 ಟನ್ ಬೇಕು. ಅಷ್ಟನ್ನು ಬೆಳೆಯಲು ಮೂವತ್ತೊಂದು ಎಕರೆ ಸಾಕು.